ಕೆಲಸ ಏಜೆನ್ಸಿಯದು, ಹೊಣೆ ಕೌನ್ಸಿಲ್‌ನದು: ಇಂಗ್ಲೆಂಡಿನ ಆರೈಕೆ ಸೇವೆಗಳಲ್ಲಿ ನಿಮ್ಮ ಹಕ್ಕು

ಇಂಗ್ಲೆಂಡಿನಲ್ಲಿ ಬೆಳಗ್ಗೆ ಮನೆಗೆ ಬಂದು, ಹಾಸಿಗೆ ಹಿಡಿದ ಹಿರಿಯರಿಗೆ ಮೈ ತೊಳೆಸಿ, ಬಟ್ಟೆ ತೊಡಿಸಿ, ಮಾತ್ರೆ ಕೊಟ್ಟು ಹೋಗುವ ಕೇರರ್ ಸಾಮಾನ್ಯವಾಗಿ ಕೌನ್ಸಿಲ್‌ನ ನೌಕರರಲ್ಲ. ಅವರಿಗೆ ಸಂಬಳ ಕೊಡುವುದು ಖಾಸಗಿ ಏಜೆನ್ಸಿ. ಆ ಏಜೆನ್ಸಿಗೆ ಗುತ್ತಿಗೆ ಕೊಟ್ಟಿರುವುದು ಕೌನ್ಸಿಲ್. ಕೇರರ್ ಬಾರದೇ ಹೋದರೆ, ಅರ್ಧ ಗಂಟೆಯ ಕೆಲಸವನ್ನು ಹತ್ತು ನಿಮಿಷದಲ್ಲಿ ಮುಗಿಸಿ ಓಡಿದರೆ, ಮನೆಯವರು ಏಜೆನ್ಸಿಗೆ ಫೋನ್ ಮಾಡುತ್ತಾರೆ. ‘ಜನ ಸಿಗುತ್ತಿಲ್ಲ’ ಅನ್ನುವ ಉತ್ತರ ಬರುತ್ತದೆ. ಕೌನ್ಸಿಲ್‌ಗೆ ಫೋನ್ ಮಾಡಿದರೆ ‘ಏಜೆನ್ಸಿಯವರನ್ನೇ ಕೇಳಿ’ ಅನ್ನುತ್ತಾರೆ. ಅಲ್ಲಿಗೆ ಎಷ್ಟೋ ಕುಟುಂಬಗಳು ಕೈಚೆಲ್ಲಿಬಿಡುತ್ತವೆ.

ಕೈಚೆಲ್ಲಬೇಕಾಗಿಲ್ಲ. 2014ರ ಕೇರ್ ಆಕ್ಟ್‌ನ ಮುಖ್ಯ ಭಾಗ ಜಾರಿಗೆ ಬಂದದ್ದು 2015ರ ಏಪ್ರಿಲ್ 1ರಂದು. ಅದರ ಪ್ರಕಾರ ಕೌನ್ಸಿಲ್ ಕೆಲಸವನ್ನು ಹೊರಗಿನವರಿಂದ ಮಾಡಿಸಬಹುದು, ಹೊಣೆಯನ್ನು ಹೊರಗಿನವರಿಗೆ ದಾಟಿಸುವಂತಿಲ್ಲ. ವ್ಯಕ್ತಿಯ ಅಗತ್ಯ ಅಳೆಯುವಂಥ ಕರ್ತವ್ಯವನ್ನೇ ಬೇರೆ ಸಂಸ್ಥೆಗೆ ವಹಿಸಿಕೊಟ್ಟರೂ, ಆ ಸಂಸ್ಥೆ ಮಾಡಿದ್ದು ಮತ್ತು ಮಾಡದೆ ಬಿಟ್ಟದ್ದು ಎರಡೂ ಕೌನ್ಸಿಲ್‌ನದೇ ಎಂದು 79ನೇ ಸೆಕ್ಷನ್ ಹೇಳುತ್ತದೆ. ದೂರು ವಿಚಾರಿಸುವ ಒಂಬುಡ್ಸ್‌ಮನ್ ಕೂಡ ಕೌನ್ಸಿಲ್ ಗೊತ್ತುಮಾಡಿದ ಏಜೆನ್ಸಿಯ ತಪ್ಪನ್ನು ಕೌನ್ಸಿಲ್‌ನ ತಪ್ಪೆಂದೇ ನೋಡುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರು ಈ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದದ್ದೆಲ್ಲ ಅದರಿಂದಲೇ ಬಿಚ್ಚಿಕೊಳ್ಳುತ್ತದೆ.

ಯಾವ ಕೌನ್ಸಿಲ್ ಅನ್ನುವುದನ್ನು ಮೊದಲು ತಿಳಿಯಬೇಕು. ಕೆಲವು ಕಡೆ ಎರಡು ಹಂತದ ಆಡಳಿತವಿದೆ: ಕಸ ಒಯ್ಯುವುದು ಡಿಸ್ಟ್ರಿಕ್ಟ್ ಕೌನ್ಸಿಲ್, ವೃದ್ಧರ ಮತ್ತು ಅಂಗವಿಕಲರ ಆರೈಕೆ ಕೌಂಟಿ ಕೌನ್ಸಿಲ್‌ನದು. ಲಂಡನ್ನಿನ ಬರೋಗಳಲ್ಲಿ ಎರಡೂ ಒಂದೇ ಕಡೆ. ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆಯಿರುವ, ಕಲಬುರಗಿ ಮೂಲದ ನೀರಜ್ ಪಾಟೀಲ್ ಒಮ್ಮೆ ಮೇಯರ್ ಆಗಿದ್ದ ಲ್ಯಾಂಬೆತ್ ಇಂಥದೊಂದು ಬರೋ. ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿಗಷ್ಟೇ ಅನ್ವಯ. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳಿಗೆ ಅವುಗಳದೇ ಕಾನೂನುಗಳಿವೆ.

ಹೊಣೆ ಯಾರದು ಅನ್ನುವ ಪ್ರಶ್ನೆಗೆ ಇಂದಿನ ಉತ್ತರ ಸುಲಭಕ್ಕೆ ಸಿಕ್ಕಿದ್ದಲ್ಲ. ಆಲ್ಜೈಮರ್ಸ್ ಇದ್ದ 84 ವರ್ಷದ ಮಹಿಳೆಯೊಬ್ಬರನ್ನು ಬರ್ಮಿಂಗ್‌ಹ್ಯಾಮ್ ಸಿಟಿ ಕೌನ್ಸಿಲ್ ಖಾಸಗಿ ಕೇರ್ ಹೋಮ್‌ನಲ್ಲಿ ಇರಿಸಿತ್ತು. ಕುಟುಂಬದೊಂದಿಗೆ ಜಗಳವಾಯಿತೆಂದು ಆ ಹೋಮ್ ಅವರನ್ನು ಹೊರಗೆ ಕಳಿಸಲು ಹೊರಟಿತು. ತಮ್ಮ ಮನೆ ಮತ್ತು ಖಾಸಗಿ ಬದುಕಿನ ಹಕ್ಕನ್ನು ಹೋಮ್ ಗೌರವಿಸಬೇಕು ಎಂದು ಅವರ ಪರವಾಗಿ ವಾದಿಸಲಾಯಿತು. 2007ರಲ್ಲಿ ಹೌಸ್ ಆಫ್ ಲಾರ್ಡ್ಸ್ 3–2ರ ಬಹುಮತದಲ್ಲಿ ಆ ವಾದವನ್ನು ತಳ್ಳಿಹಾಕಿತು: ಖಾಸಗಿ ಹೋಮ್ ಮಾಡುವುದು ಸಾರ್ವಜನಿಕ ಕಾರ್ಯವಲ್ಲ, ಆದ್ದರಿಂದ 1998ರ ಮಾನವ ಹಕ್ಕುಗಳ ಕಾಯಿದೆ ಅದಕ್ಕೆ ತಟ್ಟದು. ಕೌನ್ಸಿಲ್‌ನ ಸ್ವಂತ ಹೋಮ್‌ನಲ್ಲಿದ್ದವರಿಗೆ ಇದ್ದ ರಕ್ಷಣೆ, ಅದೇ ಕೌನ್ಸಿಲ್ ಖಾಸಗಿಗೆ ಕಳಿಸಿದವರಿಗೆ ಇಲ್ಲವಾಯಿತು. ಲಾರ್ಡ್ ಬಿಂಗ್‌ಹ್ಯಾಮ್ ಮತ್ತು ಬ್ಯಾರನೆಸ್ ಹೇಲ್ ಭಿನ್ನಮತ ಬರೆದರು. ನನ್ನ ಮಟ್ಟಿಗೆ ಅವರಿಬ್ಬರೇ ಸರಿ. ಪಾರ್ಲಿಮೆಂಟಿಗೂ ಹಾಗೇ ಅನ್ನಿಸಿರಬೇಕು. ಮರುವರ್ಷವೇ ಕೇರ್ ಹೋಮ್‌ಗಳ ಮಟ್ಟಿಗೆ ಕಾನೂನು ತಿದ್ದಿತು. ಈಗ ಕೇರ್ ಆಕ್ಟ್‌ನ 73ನೇ ಸೆಕ್ಷನ್ ಪ್ರಕಾರ, ಕೌನ್ಸಿಲ್ ಏರ್ಪಡಿಸಿದ ಅಥವಾ ಹಣ ಕೊಟ್ಟ ಆರೈಕೆಯನ್ನು ನೋಂದಾಯಿತ ಏಜೆನ್ಸಿ ನಿಮ್ಮ ಮನೆಗೇ ಬಂದು ಕೊಟ್ಟರೂ ಮಾನವ ಹಕ್ಕುಗಳ ಕಾಯಿದೆ ಅದನ್ನು ಕಟ್ಟಿಹಾಕುತ್ತದೆ.

ಆ ಮಹಿಳೆಯಿದ್ದ ಹೋಮ್ ನಡೆಸುತ್ತಿದ್ದ ಸದರ್ನ್ ಕ್ರಾಸ್ ಕಂಪನಿ 2011ರಲ್ಲಿ ಕುಸಿದಾಗ ಸುಮಾರು 750 ಹೋಮ್‌ಗಳ 31,000 ಮಂದಿಯ ತಲೆಯ ಮೇಲಿನ ಸೂರೇ ಅಲುಗಾಡಿತು. ಇಂಥ ದಿವಾಳಿಗೆಂದೇ 48ನೇ ಸೆಕ್ಷನ್ ಇದೆ. ಆರೈಕೆ ಕೊಡುತ್ತಿದ್ದ ಕಂಪನಿ ಮುಳುಗಿದರೆ ಆ ಪ್ರದೇಶದ ಕೌನ್ಸಿಲ್ ತಾತ್ಕಾಲಿಕವಾಗಿ ಎಲ್ಲರ ಆರೈಕೆಗೂ ನಿಲ್ಲಬೇಕು, ಪೂರ್ತಿ ಸ್ವಂತ ಹಣ ಕೊಟ್ಟು ಇದ್ದವರಿಗೂ.

ಇನ್ನು ಹಕ್ಕು ಪಡೆಯುವ ದಾರಿ. ಆರೈಕೆ ಬೇಕಾಗಿರುವಂತೆ ಕಾಣುವ ಯಾವ ವಯಸ್ಕರಿಗೇ ಆಗಲಿ ಕೌನ್ಸಿಲ್ ‘ನೀಡ್ಸ್ ಅಸೆಸ್‌ಮೆಂಟ್’ ಮಾಡಲೇಬೇಕು (9ನೇ ಸೆಕ್ಷನ್). ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಮೊದಲೇ ವಿಚಾರಿಸಿ, ‘ನಿಮ್ಮ ಹತ್ತಿರ ದುಡ್ಡಿದೆ, ಅಸೆಸ್‌ಮೆಂಟ್ ಇಲ್ಲ’ ಅನ್ನುವಂತಿಲ್ಲ. ಕಾಯಿಲೆ ಅಥವಾ ನ್ಯೂನತೆಯ ಕಾರಣದಿಂದ, ನಿಯಮಗಳಲ್ಲಿ ಹೆಸರಿಸಿದ ಹತ್ತು ಸಂಗತಿಗಳಲ್ಲಿ ಎರಡನ್ನಾದರೂ ಸ್ವಂತವಾಗಿ ಮಾಡಲಾಗದೆ, ಅದರಿಂದ ಬದುಕಿಗೆ ಗಣನೀಯ ತೊಂದರೆಯಾಗುತ್ತಿದ್ದರೆ ಅರ್ಹತೆ ಸಿಕ್ಕಿತು. ಊಟ, ಮೈಶುಚಿ, ಶೌಚ, ಬಟ್ಟೆ, ಮನೆಯೊಳಗೆ ಸುರಕ್ಷಿತವಾಗಿ ಓಡಾಡುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ನೆಂಟರಿಷ್ಟರ ಒಡನಾಟ ಉಳಿಸಿಕೊಳ್ಳುವುದೂ ಇದೆ. ‘ಆಗದು’ ಅಂದರೆ ಪೂರ್ತಿ ಆಗದು ಎಂದಲ್ಲ. ನೋವು ತಿಂದುಕೊಂಡು ಮಾಡುವುದು, ಬಿದ್ದುಬಿಡುವ ಅಪಾಯದಲ್ಲಿ ಮಾಡುವುದು, ಐದು ನಿಮಿಷದ್ದಕ್ಕೆ ಮುಕ್ಕಾಲು ಗಂಟೆ ಹಿಡಿಯುವುದು ಇವೂ ‘ಆಗದು’ ಎಂದೇ ಲೆಕ್ಕ.

ನಮ್ಮ ಮನೆಗಳು ಸೋಲುವುದು ಇಲ್ಲೇ. ಸೋಷಿಯಲ್ ವರ್ಕರ್ ಬಂದಾಗ ಅಜ್ಜಿ ಒಳ್ಳೆಯ ಸೀರೆ ಉಟ್ಟು ಕೂತಿರುತ್ತಾರೆ. ‘ಸ್ನಾನ ನೀವೇ ಮಾಡ್ಕೋತೀರಾ?’ ಅಂದರೆ ‘ಹೂಂ, ಮಾಡ್ಕೋತೀನಿ’ ಅನ್ನುತ್ತಾರೆ, ಯಾಕೆಂದರೆ ಅಪರಿಚಿತರ ಮುಂದೆ ಅಸಹಾಯಕತೆ ಹೇಳಿಕೊಳ್ಳುವುದು ಅವರಿಗೆ ಮರ್ಯಾದೆಯ ಪ್ರಶ್ನೆ. ಸೊಸೆಯ ಕಡೆ ತಿರುಗಿದರೆ ‘ನಾವಿದ್ದೀವಲ್ಲ, ನೋಡ್ಕೋತೀವಿ’ ಅನ್ನುವ ಮಾತು. ಆ ಒಂದು ಮಾತು ಕಾಗದದ ಮೇಲೆ ‘ಅಗತ್ಯವನ್ನು ಕುಟುಂಬ ಪೂರೈಸುತ್ತಿದೆ’ ಎಂದಾಗುತ್ತದೆ. ಕುಟುಂಬ ಪೂರೈಸುತ್ತಿರುವ ಅಗತ್ಯವನ್ನು ಕೌನ್ಸಿಲ್ ಪೂರೈಸಬೇಕಾಗಿಲ್ಲ. ಆದರೆ ಸರ್ಕಾರದ ಶಾಸನಬದ್ಧ ಮಾರ್ಗಸೂಚಿ ಎರಡು ಮಾತು ಸ್ಪಷ್ಟವಾಗಿ ಹೇಳಿದೆ. ಅರ್ಹತೆ ನಿರ್ಧರಿಸುವಾಗ ಕುಟುಂಬದ ನೆರವು ಇಲ್ಲವೆಂದೇ ಭಾವಿಸಿ ಅಳೆಯಬೇಕು. ಆಮೇಲೆ, ನೋಡಿಕೊಳ್ಳುವವರಿಗೆ ಮನಸ್ಸೂ ಶಕ್ತಿಯೂ ಇದೆಯೇ ಎಂದು ಬೇರೆಯಾಗಿ ಕೇಳಬೇಕು. ಭಾರತದಲ್ಲಿ 2007ರ ಹಿರಿಯ ನಾಗರಿಕರ ಕಾಯಿದೆಯಡಿ ಮಕ್ಕಳಿಂದ ಜೀವನಾಂಶ ಕೇಳಿ ಟ್ರಿಬ್ಯೂನಲ್‌ಗೆ ಹೋಗಬಹುದು. ಇಂಗ್ಲೆಂಡಿನಲ್ಲಿ ವಯಸ್ಸಾದ ತಂದೆತಾಯಿಯನ್ನು ಸಾಕುವ ಕಾನೂನಿನ ಹೊಣೆ ಮಕ್ಕಳ ಮೇಲಿಲ್ಲ. ಮಗನ ಸಂಬಳವನ್ನು ಕೌನ್ಸಿಲ್ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಸೊಸೆ ಕೆಲಸ ಬಿಡಬೇಕೆಂದು ನಿರೀಕ್ಷಿಸುವಂತೆಯೂ ಇಲ್ಲ. ಅಮ್ಮನನ್ನು ಪ್ರೀತಿಯಿಂದ ನೋಡಿಕೊಳ್ಳುವುದಕ್ಕೂ ಕೌನ್ಸಿಲ್‌ನ ನೆರವು ಕೇಳುವುದಕ್ಕೂ ವಿರೋಧವಿಲ್ಲ. ನೋಡಿಕೊಳ್ಳುವವರಿಗೇ ಬೇರೆ ಅಸೆಸ್‌ಮೆಂಟ್ ಕೇಳುವ ಹಕ್ಕು 10ನೇ ಸೆಕ್ಷನ್‌ನಲ್ಲಿದೆ. ಅದನ್ನು ತಪ್ಪದೆ ಕೇಳಿ.

ಭಾಷೆ ತೊಡಕಾದರೆ ದುಭಾಷಿಯನ್ನು ಕೇಳಿ. ಮೊಮ್ಮಗಳಿಂದ ಅನುವಾದ ಮಾಡಿಸಿದರೆ ಅಜ್ಜಿ ಶೌಚದ ತೊಂದರೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ವಿಷಯ ಗ್ರಹಿಸಲು, ಹೇಳಲು ಬಹಳ ಕಷ್ಟವಿದ್ದು, ಜೊತೆಗೆ ನಿಲ್ಲಬಲ್ಲ ತಕ್ಕವರು ಯಾರೂ ಇಲ್ಲದವರಿಗೆ ಸ್ವತಂತ್ರ ವಕ್ತಾರರನ್ನು ಕೌನ್ಸಿಲ್ಲೇ ಒದಗಿಸಬೇಕು (67ನೇ ಸೆಕ್ಷನ್).

ಅರ್ಹತೆ ಸಿಕ್ಕಮೇಲೆ ಹಣದ ಲೆಕ್ಕ. ಉಳಿತಾಯ 23,250 ಪೌಂಡ್ ಮೀರಿದವರು ಸಾಮಾನ್ಯವಾಗಿ ಪೂರ್ತಿ ಖರ್ಚು ತಾವೇ ಭರಿಸಬೇಕು. 14,250ಕ್ಕಿಂತ ಕೆಳಗಿದ್ದರೆ ಉಳಿತಾಯವನ್ನು ಮುಟ್ಟುವುದಿಲ್ಲ, ವರಮಾನವನ್ನಷ್ಟೇ ನೋಡುತ್ತಾರೆ. 2010ರಲ್ಲಿ ನಿಗದಿಯಾದ ಈ ಮಿತಿಗಳನ್ನು ಬೆಲೆ ಏರಿದಂತೆ ಏರಿಸದೆ ಬಿಟ್ಟದ್ದು ಅನ್ಯಾಯ. ಆರೈಕೆ ಮನೆಗೇ ಬರುವುದಾದರೆ ನೀವು ವಾಸಿಸುವ ಮನೆಯ ಬೆಲೆ ಲೆಕ್ಕಕ್ಕಿಲ್ಲ. ಕೇರ್ ಹೋಮ್‌ಗೆ ಶಾಶ್ವತವಾಗಿ ಹೋದಾಗ ಲೆಕ್ಕಕ್ಕೆ ಬರುತ್ತದೆ, ಆದರೆ ಪತಿ ಅಥವಾ ಪತ್ನಿ ಆ ಮನೆಯಲ್ಲೇ ಇದ್ದರೆ ಆಗಲೂ ಇಲ್ಲ. ಕಾಯಿಲೆಯಿಂದಾಗಿ ಬೀಳುವ ಹೆಚ್ಚುವರಿ ಖರ್ಚನ್ನು, ಅಂದರೆ ಹೀಟಿಂಗ್, ಬಟ್ಟೆ ಒಗೆತ, ಪಥ್ಯದ ಆಹಾರ ಇಂಥವನ್ನು, ವರಮಾನದಿಂದ ಕಳೆಯುವಂತೆ ಕೇಳಬೇಕು; ಕೇಳದವರಿಗೆ ಅದು ಸಿಗುವುದೇ ಕಡಿಮೆ.

ಕೌನ್ಸಿಲ್ ಎಷ್ಟು ಹಣ ಎತ್ತಿಟ್ಟಿದೆ ಎಂಬುದು ‘ಪರ್ಸನಲ್ ಬಜೆಟ್’ ಆಗಿ ನಿಮ್ಮ ಕೇರ್ ಪ್ಲಾನ್‌ನಲ್ಲಿ ಬರೆದಿರಬೇಕು. ಕೌನ್ಸಿಲ್ ಆರಿಸಿದ ಏಜೆನ್ಸಿ ಬೇಡವೆನಿಸಿದರೆ ಆ ಹಣವನ್ನೇ ‘ಡೈರೆಕ್ಟ್ ಪೇಮೆಂಟ್’ ಆಗಿ ಪಡೆದು ನೀವೇ ಆರೈಕೆ ಗೊತ್ತುಮಾಡಿಕೊಳ್ಳಬಹುದು. ಕನ್ನಡ ಬಲ್ಲವರನ್ನು, ಸಸ್ಯಾಹಾರದ ಅಡುಗೆ ಗೊತ್ತಿರುವವರನ್ನು ಇಟ್ಟುಕೊಳ್ಳಬೇಕೆನ್ನುವ ಮನೆಗಳಿಗೆ ಇದು ದೊಡ್ಡ ಅನುಕೂಲ. ಒಂದೇ ಮನೆಯಲ್ಲಿರುವ ಹತ್ತಿರದ ಸಂಬಂಧಿಗೆ ಆರೈಕೆಗಾಗಿ ಈ ಹಣ ಕೊಡಲು ಕೌನ್ಸಿಲ್ ಅದು ಅಗತ್ಯವೆಂದು ಒಪ್ಪಬೇಕು. ಬೇರೆ ಮನೆ ಮಾಡಿಕೊಂಡಿರುವ ಮಗಳಿಗೆ ಈ ನಿರ್ಬಂಧವಿಲ್ಲ. ಡೈರೆಕ್ಟ್ ಪೇಮೆಂಟ್‌ನಿಂದ ನೇರವಾಗಿ ಯಾರನ್ನಾದರೂ ನೇಮಿಸಿಕೊಂಡರೆ ನೀವೇ ಕೆಲಸ ಕೊಟ್ಟ ಯಜಮಾನರಾಗುತ್ತೀರಿ: ಸಂಬಳ ಚೀಟಿ, ರಜೆ, ವಿಮೆ ಎಲ್ಲ ನಿಮ್ಮ ತಲೆಗೆ. ಲೆಕ್ಕಪತ್ರ ನೋಡಲು ನೆರವು ಬೇಕೆಂದು ಮೊದಲೇ ಹೇಳಿ.

ಏಜೆನ್ಸಿಗೆ ಗುತ್ತಿಗೆ ಸಿಗುವುದು ಹೇಗೆ ಅನ್ನುವುದನ್ನೂ ಒಂದಿಷ್ಟು ತಿಳಿದಿರಬೇಕು, ಯಾಕೆಂದರೆ ಕೇರರ್ ನಿಮ್ಮ ಮನೆಯಲ್ಲಿ ಎಷ್ಟು ಹೊತ್ತು ಇರುತ್ತಾರೆ ಅನ್ನುವುದಕ್ಕೆ ತಳಪಾಯ ಅಲ್ಲೇ ಬೀಳುತ್ತದೆ. ಪ್ರದೇಶದ ಜನರ ಆರೋಗ್ಯ ಮತ್ತು ಆರೈಕೆಯ ಅಗತ್ಯಗಳ ಬಗ್ಗೆ ಕೌನ್ಸಿಲ್ ಮತ್ತು ಎನ್‌ಎಚ್‌ಎಸ್ ಕೂಡಿ ವರದಿ ಸಿದ್ಧಪಡಿಸುತ್ತವೆ. ಆಮೇಲೆ ಟೆಂಡರ್. ಆರೈಕೆ ಸೇವೆಗಳ ಖರೀದಿಗೆ 2025ರ ಫೆಬ್ರವರಿ 24ರಿಂದ ಹೊಸ ಪ್ರೊಕ್ಯೂರ್‌ಮೆಂಟ್ ಆಕ್ಟ್ ಅನ್ವಯಿಸುತ್ತಿದೆ. ಎಳೆಮಕ್ಕಳ ಮನೆಗೆ ಬರುವ ಹೆಲ್ತ್ ವಿಸಿಟರ್, ಶಾಲಾ ನರ್ಸ್, ಕುಡಿತ ಬಿಡಿಸುವ ಕೇಂದ್ರ ಮೊದಲಾದ ಆರೋಗ್ಯ ಸೇವೆಗಳನ್ನೂ ಕೌನ್ಸಿಲ್‌ಗಳೇ ಗೊತ್ತುಮಾಡುತ್ತವೆ. ಅವಕ್ಕೆ 2024ರ ಜನವರಿಯಿಂದ ಬೇರೆಯದೇ ನಿಯಮವಿದೆ. ಬೆಲೆ ಕಡಿಮೆ ಹೇಳಿದವರಿಗೆ ಕಣ್ಣುಮುಚ್ಚಿ ಗುತ್ತಿಗೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಗುಣಮಟ್ಟದ, ಹಲವು ಬಗೆಯ ಸೇವೆಗಳು ಊರಿನಲ್ಲಿ ಸಿಗುವಂತೆ ನೋಡಿಕೊಳ್ಳುವುದು 5ನೇ ಸೆಕ್ಷನ್ ಪ್ರಕಾರ ಕೌನ್ಸಿಲ್‌ನ ಕರ್ತವ್ಯ. ಮೈ ತೊಳೆಸುವಂಥ ಕೆಲಸಕ್ಕೆ ಹದಿನೈದು ನಿಮಿಷದ ಭೇಟಿ ತಕ್ಕದ್ದಲ್ಲ ಎಂದು ಮಾರ್ಗಸೂಚಿಯೇ ಹೇಳಿದೆ. ನಿಮ್ಮ ಕೇರ್ ಪ್ಲಾನ್‌ನಲ್ಲಿ ಹಾಗೆ ಬರೆದಿದ್ದರೆ ಆ ಮಾತನ್ನೇ ಎತ್ತಿ ತೋರಿಸಿ.

ಊರಿನ ಡೇ ಸೆಂಟರ್ ಮುಚ್ಚುವ ಪ್ರಸ್ತಾವ ಬಂದು, ಕೌನ್ಸಿಲ್ ಜನಾಭಿಪ್ರಾಯ ಕೇಳಿದರೆ ಅದು ನಾಮಕಾವಾಸ್ತೆ ಆಗುವಂತಿಲ್ಲ. ಹ್ಯಾರಿಂಗೇ ಕೌನ್ಸಿಲ್‌ನ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್, ಕೌನ್ಸಿಲ್ ಕೈಬಿಟ್ಟ ಬೇರೆ ದಾರಿಗಳನ್ನು ಜನರಿಗೆ ತಿಳಿಸದೆ ನಡೆಸಿದ ಸಮಾಲೋಚನೆ ಕಾನೂನುಬಾಹಿರ ಎಂದು ತೀರ್ಪಿತ್ತಿತು. ಗುತ್ತಿಗೆಯ ಮಾಹಿತಿ ಬೇಕಿದ್ದರೆ 2000ದ ಮಾಹಿತಿ ಸ್ವಾತಂತ್ರ್ಯ ಕಾಯಿದೆಯಡಿ ಕೇಳಿ. 20 ಕೆಲಸದ ದಿನಗಳೊಳಗೆ ಉತ್ತರ ಬರಬೇಕು.

ಅಗತ್ಯ ಮುಖ್ಯವಾಗಿ ಆರೋಗ್ಯಕ್ಕೆ ಸಂಬಂಧಿಸಿದ್ದರೆ ಆರೈಕೆಯ ಪೂರ್ತಿ ಖರ್ಚು ಎನ್‌ಎಚ್‌ಎಸ್‌ನದು. ಉಳಿತಾಯ ಎಷ್ಟಿದ್ದರೂ ಕೇಳುವಂತಿಲ್ಲ. ಇದಕ್ಕೆ ‘ಕಂಟಿನ್ಯುಯಿಂಗ್ ಹೆಲ್ತ್‌ಕೇರ್’ ಎನ್ನುತ್ತಾರೆ. ಪಾರ್ಶ್ವವಾಯು, ಮುಂದುವರಿದ ಪಾರ್ಕಿನ್‌ಸನ್ಸ್ ಇರುವವರು ಮನೆ ಮಾರಿ ಕೇರ್ ಹೋಮ್‌ಗೆ ದುಡ್ಡು ಕಟ್ಟುವ ಮೊದಲು ಇದರ ಚೆಕ್‌ಲಿಸ್ಟ್ ಮಾಡಿಸಿಕೊಳ್ಳಲೇಬೇಕು.

ವೀಸಾದ ಭಯದಿಂದ ಕೌನ್ಸಿಲ್ ಬಾಗಿಲು ತಟ್ಟದವರು ನಮ್ಮಲ್ಲಿ ಅನೇಕರು. ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ ಎಂಬ ಷರತ್ತಿನಲ್ಲಿ ಬರುವ ಪಟ್ಟಿಯಲ್ಲಿ ಅಟೆಂಡೆನ್ಸ್ ಅಲೋಯೆನ್ಸ್, ಕೇರರ್ಸ್ ಅಲೋಯೆನ್ಸ್ ಇವೆ. ಅವನ್ನು ಪಡೆದರೆ ವೀಸಾಗೆ ತೊಂದರೆ. ಆದರೆ ಕೇರ್ ಆಕ್ಟ್‌ನಡಿ ಕೌನ್ಸಿಲ್ ಕೊಡುವ ಆರೈಕೆ ಆ ಪಟ್ಟಿಯಲ್ಲಿಲ್ಲ. ಊರ್ಜಿತ ವೀಸಾದಲ್ಲಿ ಅಲ್ಲಿ ನೆಲೆಸಿರುವವರು ಅಸೆಸ್‌ಮೆಂಟ್ ಕೇಳಬಹುದು. ವಿಸಿಟರ್ ವೀಸಾದಲ್ಲಿ ಬಂದ ತಂದೆತಾಯಿಯ ಸ್ಥಿತಿ ಬೇರೆ. ಕೌನ್ಸಿಲ್‌ನ ಪೂರ್ಣ ಕರ್ತವ್ಯವಿರುವುದು ಅಲ್ಲಿನ ನಿವಾಸಿಗಳ ಬಗ್ಗೆ. ವೀಸಾ ಅವಧಿ ಮೀರಿದ್ದರೆ ಯಾರ ಹತ್ತಿರ ಹೋಗುವ ಮೊದಲೂ ವಲಸೆ ಕಾನೂನು ಬಲ್ಲ ಸಾಲಿಸಿಟರ್‌ರನ್ನು ಕಾಣಿ.

ದೂರು ಬರವಣಿಗೆಯಲ್ಲಿರಲಿ, ಏಜೆನ್ಸಿಯ ಜೊತೆಗೆ ಕೌನ್ಸಿಲ್‌ಗೂ ಹೋಗಲಿ, ಘಟನೆ ನಡೆದ 12 ತಿಂಗಳೊಳಗೆ ಹೋಗಲಿ. ಮೂರು ಕೆಲಸದ ದಿನಗಳೊಳಗೆ ಸ್ವೀಕೃತಿ ಬರಬೇಕು. ಕೇರರ್ ಬಂದು ಹೋದ ಹೊತ್ತಿನ ದಾಖಲೆಯನ್ನು ದತ್ತಾಂಶ ರಕ್ಷಣೆಯ ಕಾನೂನಿನಡಿ ಕೇಳಿ ಪಡೆಯಿರಿ, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು. ನಿಮ್ಮ ಡೈರಿಯ ಜೊತೆ ಅದನ್ನಿಟ್ಟು ನೋಡಿದರೆ ವಾದಕ್ಕೆ ಬಲ ಬರುತ್ತದೆ. ಕೌನ್ಸಿಲ್‌ನ ಉತ್ತರ ಸಮಾಧಾನ ತರದಿದ್ದರೆ ಲೋಕಲ್ ಗವರ್ನಮೆಂಟ್ ಅಂಡ್ ಸೋಷಿಯಲ್ ಕೇರ್ ಒಂಬುಡ್ಸ್‌ಮನ್ ಇದೆ, ಶುಲ್ಕವಿಲ್ಲ. ಕೇರ್ ಕ್ವಾಲಿಟಿ ಕಮಿಷನ್‌ಗೂ ತಿಳಿಸಬಹುದು, ಆದರೆ ಅದು ತಪಾಸಣೆಯ ಸಂಸ್ಥೆ. ಒಬ್ಬೊಬ್ಬರ ದೂರನ್ನು ಅದು ಬಗೆಹರಿಸುವುದಿಲ್ಲ. ಹಿರಿಯರ ಮೇಲೆ ಕೈಮಾಡುವುದು, ಹಣ ಕದಿಯುವುದು, ಅನ್ನನೀರು ನೋಡದೆ ಬಿಡುವುದು ಕಂಡರೆ ದೂರಿನ ದಾರಿ ಕಾಯದೆ ಕೌನ್ಸಿಲ್‌ನ ‘ಸೇಫ್‌ಗಾರ್ಡಿಂಗ್’ ವಿಭಾಗಕ್ಕೆ ಅದೇ ದಿನ ಫೋನ್ ಮಾಡಿ. ವಿಚಾರಣೆ ನಡೆಸುವುದು 42ನೇ ಸೆಕ್ಷನ್‌ನಡಿ ಅವರ ಕರ್ತವ್ಯ.

ಕಾನೂನನ್ನೇ ಮುರಿದ ನಿರ್ಧಾರವಾದರೆ ಹೈಕೋರ್ಟಿನಲ್ಲಿ ಜುಡೀಷಿಯಲ್ ರಿವ್ಯೂ ಇದೆ. ಅದಕ್ಕೆ ಇರುವ ಗಡುವು ಬಿಗಿ: ತಡಮಾಡದೆ, ಹೆಚ್ಚೆಂದರೆ ಮೂರು ತಿಂಗಳೊಳಗೆ. ಒಂಬುಡ್ಸ್‌ಮನ್ ಉತ್ತರಕ್ಕೆ ಕಾಯುತ್ತಾ ಕೂತರೆ ಆ ಅವಧಿ ಕಳೆದುಹೋಗುತ್ತದೆ, ಆದ್ದರಿಂದ ಸಾಲಿಸಿಟರ್‌ರನ್ನು ಮೊದಲೇ ಕೇಳಿ. ವರಮಾನ ಕಡಿಮೆಯಿದ್ದವರಿಗೆ ಲೀಗಲ್ ಏಡ್ ಸಿಗಬಹುದು. ಮತ್ತೆ, ಆಸ್ಪತ್ರೆಯಿಂದ ಇವತ್ತೇ ಮನೆಗೆ ಕಳಿಸುತ್ತಿದ್ದಾರೆ, ನೋಡಿಕೊಳ್ಳುವವರಿಲ್ಲ, ಅಸೆಸ್‌ಮೆಂಟಿಗೆ ವಾರಗಟ್ಟಲೆ ಸರದಿ ಎಂದರೆ, 19ನೇ ಸೆಕ್ಷನ್‌ನ ಹೆಸರು ಹೇಳಿ. ತುರ್ತಿದ್ದಾಗ ಅಸೆಸ್‌ಮೆಂಟ್ ಇಲ್ಲದೆಯೇ ಆರೈಕೆ ಶುರುಮಾಡುವ ಅಧಿಕಾರವನ್ನು ಅದು ಕೌನ್ಸಿಲ್‌ಗೆ ಕೊಟ್ಟಿದೆ.