ಬಿಲ್ಲಿನಲ್ಲಿ ಬರೆಯದ ಅರ್ಧ ಟನ್

ಮೀನಿನ ಅಂಗಡಿಯವರು ಕೊಡುವ ಬಿಲ್ಲಿನಲ್ಲಿ ಗಾಜಿನ ಟ್ಯಾಂಕು, ಸ್ಟ್ಯಾಂಡು, ಫಿಲ್ಟರ್, ಲೈಟು, ಬಣ್ಣದ ಕಲ್ಲು ಎಲ್ಲಕ್ಕೂ ಒಂದೊಂದು ಸಾಲಿರುತ್ತದೆ. ನೀರಿಗೆ ಇರುವುದಿಲ್ಲ. ಅದು ಹೇಗೂ ಮನೆಯ ನಲ್ಲಿಯಿಂದ ಬರುವಂಥದ್ದು. ಆದರೆ ಮಹಡಿ ಮನೆಯಲ್ಲಿರುವವರಿಗೆ ಇಡೀ ವ್ಯವಹಾರದಲ್ಲಿ ದುಬಾರಿಯಾಗಬಲ್ಲದ್ದು ಆ ನೀರೇ. ಲೀಟರಿಗೆ ಒಂದು ಕಿಲೋ ಎಂಬ ಲೆಕ್ಕವನ್ನು ಎಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಆದರೂ ರಸೆಲ್ ಮಾರ್ಕೆಟ್ಟಿನ ಸುತ್ತಮುತ್ತ ಟ್ಯಾಂಕು ನೋಡುತ್ತಾ ನಿಂತವರಲ್ಲಿ ಬೆಲೆ ಕೇಳಿದವರನ್ನು ಕಂಡೆನೇ ಹೊರತು ತೂಕ ಕೇಳಿದವರನ್ನು ಕಾಣಲಿಲ್ಲ.

ನನ್ನ ಮಗಳು ಆಸೆಪಟ್ಟಿದ್ದು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ಟ್ಯಾಂಕಿಗೆ. ನಾವಿರುವುದು ಬೆಂಗಳೂರಿನ ಹಳೆಯ ಅಪಾರ್ಟ್‌ಮೆಂಟೊಂದರ ಎರಡನೇ ಮಹಡಿಯಲ್ಲಿ. ಮುಂಗಡ ಕೊಡುವ ಮೊದಲು ಇಬ್ಬರೂ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಲೆಕ್ಕ ಹಾಕಿದೆವು. ಆ ಅಳತೆಗೆ ಹನ್ನೆರಡು ಘನ ಅಡಿ, ಅಂದರೆ ಸುಮಾರು 340 ಲೀಟರ್. ಮೇಲೆ ಬಿಡುವ ಜಾಗ, ಕಲ್ಲು ಆಕ್ರಮಿಸುವ ಜಾಗ ಕಳೆದರೆ ನೀರೇ 300 ಕಿಲೋ. ಗಾಜು ಹನ್ನೆರಡು ಮಿಲಿಮೀಟರ್ ದಪ್ಪದ್ದು. ಒಂದು ಚದರ ಮೀಟರಿಗೆ 30 ಕಿಲೋದಂತೆ ಅದು ಎಂಬತ್ತರ ಹತ್ತಿರ ಬಂತು. ಎರಡಿಂಚು ಜಲ್ಲಿ ಹರಡಿದರೆ ನಲವತ್ತು ಕಿಲೋ, ಅಲಂಕಾರದ ಬಂಡೆಗಳು, ಕೆಳಗಿನ ಸ್ಟ್ಯಾಂಡು ಸೇರಿದರೆ ಇನ್ನಷ್ಟು. ಒಟ್ಟು 500 ಕಿಲೋ. ಅದೆಲ್ಲ ಕೂರುವುದು ಬರೀ ಆರು ಚದರ ಅಡಿ ನೆಲದ ಮೇಲೆ.

ಮನೆಯ ನೆಲ ಎಷ್ಟು ಭಾರಕ್ಕೆ ಎಂದು ಕಟ್ಟಿರುತ್ತಾರೆ? ವಾಸದ ಕಟ್ಟಡಗಳ ಕೋಣೆಗಳಿಗೆ ಭಾರತೀಯ ಮಾನಕ ಐಎಸ್ 875 ಹೇಳುವ ಬಳಕೆಯ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಜನ, ಸೋಫಾ, ಬೀರು, ಮಂಚ ಎಲ್ಲ ಇದರಲ್ಲೇ ಬಂತು. ನಮ್ಮ ಟ್ಯಾಂಕು ತನ್ನ ಅಡಿಯ ಜಾಗಕ್ಕೆ ಒತ್ತುವುದು ಚದರ ಮೀಟರಿಗೆ ಸುಮಾರು 900 ಕಿಲೋ. ನಾಲ್ಕು ಪಟ್ಟಿಗಿಂತ ಹೆಚ್ಚು! ಇಷ್ಟನ್ನು ನೋಡಿ ಗಾಬರಿಯಾಗಿ ಆಸೆಯನ್ನೇ ಕೈಬಿಡುವವರಿದ್ದಾರೆ. ‘ನಮ್ಮ ಮೋಲ್ಡ್ ಗಟ್ಟಿ, ಆನೆ ನಿಂತರೂ ಏನಾಗಲ್ಲ’ ಎನ್ನುವ ಮೇಸ್ತ್ರಿಯ ಮಾತು ನಂಬಿ ಇಟ್ಟುಬಿಡುವವರೂ ಇದ್ದಾರೆ. ಎರಡೂ ಬೇಡ. ಹನ್ನೆರಡು ಅಡಿಗೆ ಹತ್ತಡಿಯ ಒಂದು ಕೋಣೆಯನ್ನು ತೆಗೆದುಕೊಂಡರೆ, ಅದೇ ಮಾನಕದ ಪ್ರಕಾರ ಇಡೀ ನೆಲಕ್ಕೆ ಹರಡಿದ ಬಳಕೆಯ ಭಾರ ಎರಡು ಟನ್ ದಾಟುತ್ತದೆ. ಹಾಗಾಗಿ ಅರ್ಧ ಟನ್ ಎನ್ನುವುದು ತಾನಾಗಿಯೇ ಅಪಾಯವೂ ಅಲ್ಲ, ಸುರಕ್ಷಿತವೂ ಅಲ್ಲ. ಅದು ಎಲ್ಲಿ ಕೂತಿದೆ ಎಂಬುದನ್ನು ನೋಡಬೇಕು.

ಅದನ್ನು ನೋಡುವ ಕೆಲಸಕ್ಕೆ ನಾನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಮನೆಗೆ ಕರೆಸಿದೆ. ಇಂಟೀರಿಯರ್ ಮಾಡುವವರನ್ನಾಗಲಿ ಬಡಗಿಯನ್ನಾಗಲಿ ಕೇಳಿದರೆ ಸಾಲದು. ಸ್ಲ್ಯಾಬಿನೊಳಗೆ ಕಂಬಿ ಯಾವ ಕಡೆಗೆ ಓಡಿದೆ ಎಂದು ಹೇಳುವುದು ಅವರ ಕಸುಬಲ್ಲ. ಬಂದವರು ಹಾಲ್ ಅನ್ನು ಒಮ್ಮೆ ಕಣ್ಣಳತೆ ಮಾಡಿ, ‘ನೋಡಿ ಇವ್ರೇ, ಇಲ್ಲಿಂದ ಏನೂ ಗೊತ್ತಾಗಲ್ಲ. ಕೆಳಗಿನ ಮನೆಗೆ ಹೋಗೋಣ’ ಎಂದರು. ಮೊದಲ ಮಹಡಿಯ ಅಜ್ಜಿ ಬಾಗಿಲು ತೆರೆದು, ವಿಷಯ ಕೇಳಿ, ‘ನಿಮ್ಮ ನೆಲ ಅಂದ್ರೆ ನಮ್ಮ ಸೂರಲ್ವೇನಪ್ಪಾ, ಬನ್ನಿ, ಧಾರಾಳವಾಗಿ ನೋಡಿ’ ಎಂದರು. ಆ ಅರ್ಧ ಗಂಟೆಯಲ್ಲಿ ನಾನು ಕಲಿತದ್ದು ಬಹಳ. ಅಜ್ಜಿಯ ಮನೆಯ ಚಾವಣಿಯಲ್ಲಿ ಇಳಿಬಿದ್ದ ಬೀಮುಗಳು ಕಾಣುತ್ತಿದ್ದವು. ಪಿಲ್ಲರಿನಿಂದ ಪಿಲ್ಲರಿಗೆ ಹೋದ ಬೀಮು ಯಾವ ಗೋಡೆಯ ಕೆಳಗಿದೆ, ಯಾವ ಗೋಡೆಯ ಕೆಳಗಿಲ್ಲ ಎಂದು ಅವರು ತೋರಿಸಿದರು. ನಾವು ಟ್ಯಾಂಕಿಡಬೇಕೆಂದಿದ್ದುದು ಹಾಲ್ ಮತ್ತು ಊಟದ ಜಾಗದ ನಡುವಿನ ನಾಲ್ಕಿಂಚಿನ ಅಡ್ಡಗೋಡೆಗೆ ಒತ್ತಿ. ಅದರ ಕೆಳಗೆ ಬೀಮೇ ಇರಲಿಲ್ಲ. ಗೋಡೆಯೇ ಸ್ಲ್ಯಾಬಿನ ಮೇಲೆ ಕೂತಿತ್ತು. ಗೋಡೆ ಪಕ್ಕ ಇಟ್ಟರೆ ಸಾಕು ಎಂದು ಎಲ್ಲರೂ ಹೇಳುತ್ತಾರಲ್ಲ, ಆ ಮಾತು ಕೆಳಗೆ ಬೀಮಿರುವ ಗೋಡೆಗೆ ಮಾತ್ರ ಸಲ್ಲುತ್ತದೆ.

ಸ್ಲ್ಯಾಬಿನ ನಟ್ಟನಡುವೆ ಭಾರ ಇಟ್ಟರೆ ಅದು ಅತಿ ಹೆಚ್ಚು ಬಾಗುತ್ತದೆ. ಬೀಮಿನ ಮೇಲೋ ಅಂಚಿಗೋ ಸರಿಸಿದಷ್ಟೂ ಭಾರ ನೇರವಾಗಿ ಬೀಮಿಗೆ, ಅಲ್ಲಿಂದ ಪಿಲ್ಲರಿಗೆ ಇಳಿಯುತ್ತದೆ. ಜೊತೆಗೆ ಅವರು ಹೇಳಿದ ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಗಟ್ಟಿಯಾಗಿ ನಾಟಿತು. ಗೃಹಪ್ರವೇಶಕ್ಕೆ ಬಂದ ನೂರು ಜನ ಸಂಜೆಗೆ ಹೋಗುತ್ತಾರೆ. ಟ್ಯಾಂಕು ಹೋಗುವುದಿಲ್ಲ. ವರ್ಷಗಟ್ಟಲೆ ಒಂದೇ ಕಡೆ ನಿಂತ ಭಾರಕ್ಕೆ ಕಾಂಕ್ರೀಟು ನಿಧಾನವಾಗಿ ಬಾಗುತ್ತಾ ಹೋಗುತ್ತದೆ. ಮೊದಲ ತಿಂಗಳು ಬಿರುಕು ಕಾಣಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ‘ವಿನ್ಯಾಸದಲ್ಲಿ ಒಂದೂವರೆ ಪಟ್ಟು ಮೀಸಲು ಇಟ್ಟಿರ್ತಾರಲ್ವಾ?’ ಎಂದು ಕೇಳಿದೆ. ಕಾಂಕ್ರೀಟಿನ ಮಾನಕ ಐಎಸ್ 456 ಅಷ್ಟನ್ನು ಸೇರಿಸಿಯೇ ಲೆಕ್ಕ ಮಾಡಿಸುತ್ತದೆ, ನಿಜ. ಆದರೆ ಆ ಮೀಸಲು ನಮ್ಮ ತುರ್ತು ನಿಧಿಯ ಹಾಗೆ: ಕಟ್ಟುವಾಗಿನ ಸಣ್ಣಪುಟ್ಟ ಕೊರತೆಗೆ, ಕಾಣದ ಕಷ್ಟಕ್ಕೆ ಇಟ್ಟದ್ದು. ಟ್ಯಾಂಕು ಕೊಳ್ಳಲು ತುರ್ತು ನಿಧಿ ಒಡೆಯುವ ಮನೆಗೆ ನಾನು ಏನು ಸಲಹೆ ಕೊಡುತ್ತೇನೋ, ಸ್ಲ್ಯಾಬಿನ ವಿಷಯದಲ್ಲೂ ಅದನ್ನೇ ಕೊಡುತ್ತೇನೆ.

ಎಂಜಿನಿಯರ್ ಟ್ಯಾಂಕು ಬೇಡವೆನ್ನಲಿಲ್ಲ. ಅಳತೆ ಬದಲಿಸಿದರು. ನೀರಿನ ಎತ್ತರ ಒಂದಡಿ ಹೆಚ್ಚಾದರೆ ಪ್ರತಿ ಚದರ ಅಡಿ ನೆಲಕ್ಕೆ 28 ಕಿಲೋ ಹೆಚ್ಚು. ಉದ್ದ ಹೆಚ್ಚಿಸಿದರೆ ಭಾರ ಹರಡಿಕೊಳ್ಳುತ್ತದೆ, ಎತ್ತರ ಹೆಚ್ಚಿಸಿದರೆ ಒಂದೆಡೆ ಗುಡ್ಡೆಯಾಗುತ್ತದೆ. ಆದ್ದರಿಂದ ಉದ್ದ, ಅಗಲ ಹಾಗೇ ಇರಲಿ, ಎತ್ತರ ಒಂದೂಕಾಲು ಅಡಿಗೆ ಇಳಿಸಿ, ಬೀಮಿರುವ ಹೊರಗೋಡೆಗೆ ಉದ್ದುದ್ದ ಒತ್ತಿಡಿ ಎಂದರು. ಒಟ್ಟು ತೂಕ 500ರಿಂದ 320 ಕಿಲೋಗೆ ಬಂತು. ಹಣದ ದೃಷ್ಟಿಯಿಂದ ನನಗೆ ಅತ್ಯಂತ ಖುಷಿ ಕೊಟ್ಟ ಬದಲಾವಣೆ ಇದೇ. ಎತ್ತರ ತಗ್ಗಿದರೆ ಗಾಜಿನ ಮೇಲಿನ ಒತ್ತಡವೂ ತಗ್ಗುತ್ತದೆ, ಹತ್ತು ಮಿಲಿಮೀಟರ್ ಗಾಜು ಸಾಕಾಗುತ್ತದೆ. ಟ್ಯಾಂಕಿನ ಬೆಲೆ ಸುಮಾರು 15,000ದಿಂದ 9,000 ರೂಪಾಯಿಗೆ ಇಳಿಯಿತು. ಮೀನಿಗೂ ನಷ್ಟವಿಲ್ಲ, ಗಾಳಿ ತಾಗುವ ನೀರಿನ ಮೇಲ್ಮೈ ಅಷ್ಟೇ ಇದೆ. ಉಳಿದ ಆರು ಸಾವಿರದಲ್ಲಿ ಎಂಜಿನಿಯರಿಗೆ ಕೊಟ್ಟದ್ದು 3,500. ಜಾಗ, ಅಳತೆ, ತೂಕ ಬರೆದು ಸಹಿ ಮಾಡಿದ ಒಂದು ಪುಟದ ಅಭಿಪ್ರಾಯವೂ ಅದರಲ್ಲಿ ಸೇರಿತ್ತು. ಅಪಾರ್ಟ್‌ಮೆಂಟ್ ಸಂಘಕ್ಕೆ ಒಂದು ಪ್ರತಿ ಕೊಟ್ಟೆ.

ಉಳಿದ ಹಣ ಸ್ಟ್ಯಾಂಡಿಗೆ ಹೋಯಿತು, ಹೋಗಲೇಬೇಕಿತ್ತು. ಅಂಗಡಿಯ ಸಾಧಾರಣ ಕಬ್ಬಿಣದ ಸ್ಟ್ಯಾಂಡಿಗೆ ನಾಲ್ಕು ಕಾಲು. 320 ಕಿಲೋ ಆದರೂ ಒಂದೊಂದು ಕಾಲು ಎರಡು ಬೆರಳಗಲದ ಜಾಗಕ್ಕೆ 80 ಕಿಲೋ ಒತ್ತುತ್ತದೆ. ಟೈಲ್ಸಿನಡಿ ಟೊಳ್ಳಿದ್ದರೆ ಬಿರುಕು ಬಿಡುವುದು ಖಚಿತ. ನಾಣ್ಯದಿಂದ ತಟ್ಟಿ ನೋಡಿ, ಸದ್ದಿನಲ್ಲೇ ತಿಳಿಯುತ್ತದೆ. ನಾವು ಚೌಕ ಪೈಪಿನಲ್ಲಿ, ನೆಲಕ್ಕೆ ತಾಗುವ ಕಡೆ ಸುತ್ತಲೂ ಪಟ್ಟಿ ಬರುವಂತೆ ಬೆಸುಗೆ ಹಾಕಿಸಿ, ಮೇಲೆ 18 ಮಿಲಿಮೀಟರ್ ಮರೈನ್ ಪ್ಲೈವುಡ್ ಹಾಕಿಸಿದೆವು. ಐಎಸ್ 710 ಗುರುತಿನದನ್ನೇ ಕೇಳಿ ತೆಗೆದುಕೊಳ್ಳಿ. ಅಡುಗೆಮನೆಯ ಕಪಾಟಿಗೆ ಬಳಸುವ ಪಾರ್ಟಿಕಲ್ ಬೋರ್ಡು ನೀರು ಸೋಕಿದರೆ ಉಬ್ಬಿ ಪುಡಿಯಾಗುತ್ತದೆ. ಪ್ಲೈವುಡ್ಡಿನ ಮೇಲೆ ಥರ್ಮಾಕೋಲ್ ಶೀಟು, ಅದರ ಮೇಲೆ ಟ್ಯಾಂಕು. ರಸಮಟ್ಟ ಇಟ್ಟು ನೋಡಿ, ಅರ್ಧ ನೀರು ತುಂಬಿ, ಒಂದು ದಿನ ಬಿಟ್ಟು ಮತ್ತೆ ರಸಮಟ್ಟ ನೋಡಿ, ಆಮೇಲೆ ಪೂರ್ತಿ ತುಂಬಬೇಕು. ಒಂದು ಕಡೆ ವಾಲಿದ ಟ್ಯಾಂಕಿನ ಸಿಲಿಕೋನ್ ಅಂಟಿನ ಮೇಲೆ ಎಳೆತ ಬಿದ್ದು, ಒಂದು ದಿನ ಬಿಟ್ಟುಕೊಳ್ಳುತ್ತದೆ.

ಬಾಲ್ಕನಿಯ ಮಾತು ಬೇರೆಯೇ ಹೇಳಬೇಕು, ಏಕೆಂದರೆ ಬೆಳಕು ಚೆನ್ನಾಗಿದೆ ಎಂದು ಅಲ್ಲಿಡುವವರು ಬಹಳ. ಮಾನಕದಲ್ಲಿ ಬಾಲ್ಕನಿಗೆ ಕೋಣೆಗಿಂತ ಹೆಚ್ಚು, ಚದರ ಮೀಟರಿಗೆ 300 ಕಿಲೋ, ಹೇಳಿದೆ. ಆ ಅಂಕಿ ನೋಡಿ ಮೋಸಹೋಗಬೇಡಿ. ಹೊರಚಾಚಿದ ಸ್ಲ್ಯಾಬಿಗೆ ಆಸರೆ ಒಂದೇ ಕಡೆ. ಅದನ್ನು ಹಿಡಿದಿರುವ ಕಂಬಿ ಮೇಲ್ಭಾಗದಲ್ಲಿರುತ್ತದೆ. ಮಳೆನೀರು ಇಳಿದು ತುಕ್ಕು ಹಿಡಿಯುವುದೂ ಅಲ್ಲೇ. ಭಾರ ತುದಿಗೆ ಹೋದಷ್ಟೂ ಬುಡದ ಮೇಲಿನ ಎಳೆತ ಹೆಚ್ಚುತ್ತದೆ. ಅಲ್ಲಿ ಟ್ಯಾಂಕಿಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ಮದ್ರಾಸ್ ತಾರಸಿ, ಮಲೆನಾಡು ಕರಾವಳಿಯ ಹಲಗೆ ಹಾಸಿದ ಉಪ್ಪರಿಗೆ ಇವಕ್ಕೂ ಇದೇ ಮಾತು. ಅಲ್ಲಿ ಭಾರ ಹೊರುವುದು ಮರದ ಜಂತೆ, ಅದರೊಳಗೆ ಗೆದ್ದಲು ಎಷ್ಟು ತಿಂದಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಅಂಥ ಮನೆಯಲ್ಲಿ ಟ್ಯಾಂಕಿಗೆ ನೆಲಮಹಡಿಯೇ ಸರಿ.

ವಿಮೆಯ ಬಗ್ಗೆ ಓದುಗರು ಸಾಮಾನ್ಯವಾಗಿ ಕೊನೆಗೆ ಕೇಳುತ್ತಾರೆ, ಮೊದಲೇ ಕೇಳಬೇಕು. 2021ರ ಏಪ್ರಿಲ್‌ನಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೀರಿನ ಟ್ಯಾಂಕು, ಪೈಪು ಒಡೆದು ಅಥವಾ ತುಂಬಿ ಹರಿದು ಆಗುವ ಹಾನಿಗೆ ರಕ್ಷಣೆಯಿದೆ. ಮನೆಯ ಸಾಮಾನುಗಳಿಗೂ ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷದವರೆಗೆ ತಾನಾಗಿ ಸಿಗುತ್ತದೆ. ಮೀನಿನ ಟ್ಯಾಂಕು ಈ ಸಾಲಿನೊಳಗೆ ಬರುತ್ತದೆಯೇ ಎಂದು ನಿಮ್ಮ ಕಂಪನಿಯಿಂದ ಬರಹದಲ್ಲೇ ಉತ್ತರ ಪಡೆಯಿರಿ. ಅದಕ್ಕಿಂತ ದೊಡ್ಡ ಪ್ರಶ್ನೆ ಕೆಳಗಿನ ಮನೆಯದು. ಇದು ನಿಮ್ಮ ಸ್ವತ್ತಿನ ಪಾಲಿಸಿ. ಅಜ್ಜಿಯ ಚಾವಣಿ, ಟಿವಿ, ಬೀರು ನಿಮ್ಮ ಸ್ವತ್ತಲ್ಲ. ಇನ್ನೊಬ್ಬರಿಗಾದ ಹಾನಿಯ ಹೊಣೆಗೆ ಬೇರೆಯೇ ರಕ್ಷಣೆ ಕೊಳ್ಳಬೇಕು, ನಾನು ಕೊಂಡೆ. ಹೊಸ ಫ್ಲಾಟಿನವರು ರೇರಾ ಕಾಯ್ದೆಯ ಐದು ವರ್ಷದ ರಚನಾ ದೋಷದ ಹೊಣೆಯನ್ನು ನೆನಪಿಸುತ್ತಾರೆ. ಅದು ಬಿಲ್ಡರನ ಕೆಲಸದ ದೋಷಕ್ಕೆ. ನಡುಹಾಲಿನಲ್ಲಿ ಅರ್ಧ ಟನ್ ಇಟ್ಟವರ ಬಿರುಕಿಗೆ ಅವನು ಯಾಕೆ ಹಣ ಕೊಟ್ಟಾನು? ಬಾಡಿಗೆಗೆ ಇರುವವರು ಮಾಲೀಕರ ಒಪ್ಪಿಗೆಯನ್ನು ವಾಟ್ಸ್ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಲಿ. ಬಿರುಕು ಬಿಟ್ಟ ಟೈಲ್ಸಿನ ದುಡ್ಡು ಅಡ್ವಾನ್ಸಿನಿಂದಲೇ ಕಡಿತವಾಗುವುದು.

ತಿಂಗಳ ಖರ್ಚಿನಲ್ಲಿ ಗಮನಿಸಬೇಕಾದ್ದು ವಿದ್ಯುತ್ತು. 20 ವ್ಯಾಟಿನ ಫಿಲ್ಟರ್ ಹಗಲೂ ರಾತ್ರಿ, 30 ವ್ಯಾಟಿನ ಲೈಟು ಎಂಟು ಗಂಟೆ ಉರಿದರೆ ತಿಂಗಳಿಗೆ ಸುಮಾರು 22 ಯೂನಿಟ್. ದುಡ್ಡು ಕಟ್ಟುವವರಿಗೆ ಇದು ದೊಡ್ಡದಲ್ಲ. ಗೃಹ ಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತು ಪಡೆಯುವವರು ಮಾತ್ರ ಎಚ್ಚರವಹಿಸಬೇಕು: ನಿಮ್ಮ ಅರ್ಹ ಮಿತಿ ದಾಟಿದ ಯೂನಿಟ್ಟಿಗೆ ಹಣ ಕಟ್ಟಬೇಕು, 200 ದಾಟಿತೆಂದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. 185 ಯೂನಿಟ್ಟಿನ ಮನೆಗೆ ಈ 22 ಯೂನಿಟ್ ಸೇರಿದರೆ ಏನಾಗುತ್ತದೆಂದು ಕೂಡಿ ನೋಡಿಕೊಳ್ಳಿ.

ಮಗಳಿಗೆ ಈಗ ಎರಡನೇ ಟ್ಯಾಂಕು ಬೇಕಾಗಿದೆ, ಅದೂ ಎರಡಡಿ ಎತ್ತರದ್ದೇ. ಎಂಜಿನಿಯರರ ಕಾಗದದಲ್ಲಿರುವುದು ಒಂದೇ ಟ್ಯಾಂಕು, ಒಂದೇ ಗೋಡೆ. ಹಾಗಾಗಿ ಅದನ್ನು ತಿಪಟೂರಿನ ನಮ್ಮ ಮನೆಯ ನಡುಮನೆಯಲ್ಲಿ ಇಡುವುದೆಂದು ಮಾತಾಗಿದೆ. ಅಲ್ಲಿ ಕಾವಿ ನೆಲದ ಕೆಳಗೆ ಗಟ್ಟಿ ಮಣ್ಣಿದೆ, ಅಮ್ಮ ಒಪ್ಪಿದ್ದಾರೆ. ಕರೆಂಟು ಹೋದಾಗ ಓಡುವ ಬ್ಯಾಟರಿ ಏರ್ ಪಂಪಿಗೆ ಮಗಳು ತನ್ನ ಉಳಿತಾಯದಿಂದಲೇ ಕೊಡುತ್ತಾಳಂತೆ.