ನೇರ ದಹನ

ಪಾಶ್ಚಾತ್ಯ ದೇಶಗಳಲ್ಲಿ ಈಗ ‘ನೇರ ದಹನ’ವೆಂಬ ಪದ್ಧತಿ ಬಳಕೆಗೆ ಬಂದಿದೆ. ಶವವನ್ನು ಅಲಂಕರಿಸುವುದಿಲ್ಲ; ಮೆರವಣಿಗೆ, ಪ್ರಾರ್ಥನೆ, ಭಾಷಣಗಳಿಲ್ಲ. ಸಾದಾ ಪೆಟ್ಟಿಗೆಯಲ್ಲಿಟ್ಟು ನೇರವಾಗಿ ಚಿತಾಗಾರಕ್ಕೆ ಒಯ್ದು, ಬೂದಿಯನ್ನು ಮನೆಯವರಿಗೆ ಕೊಡುತ್ತಾರೆ. 2016ರಲ್ಲಿ ತೀರಿಕೊಂಡ ಪ್ರಸಿದ್ಧ ಆಂಗ್ಲ ಗಾಯಕ ಡೇವಿಡ್ ಬೋವಿಯ ದೇಹವನ್ನು ಹೀಗೆಯೇ ದಹಿಸಲಾಯಿತೆಂದು ಪತ್ರಿಕೆಗಳು ಬರೆದುವು. ಅಲ್ಲಿ ದಹನವೇ ತೀರ ಹಳೆಯದಲ್ಲ. 1884ರಲ್ಲಿ ವೇಲ್ಸಿನ ವೈದ್ಯ ವಿಲಿಯಂ ಪ್ರೈಸ್ ತನ್ನ ಮಗುವಿನ ಶವವನ್ನು ಸುಡಹೋಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ದಹನ ಅಪರಾಧವಲ್ಲವೆಂದು ತೀರ್ಪಾಯಿತು; ಮರುವರ್ಷ ವೋಕಿಂಗಿನ ಚಿತಾಗಾರದಲ್ಲಿ ಮೊದಲ ದಹನ ನಡೆಯಿತು.

ಇದನ್ನು ಓದಿದಾಗ, ನಾವು ಅನಾದಿಯಿಂದ ಮಾಡುತ್ತ ಬಂದುದೂ ಇದೇ ಅಲ್ಲವೇ ಎನಿಸಿತು. ನಮ್ಮ ಮಂಡೆಕೋಲಿನ ಕಡೆ ದಹನ ಮಾಡುವವರಲ್ಲಿ ಜಾಗವುಳ್ಳವರು ತೋಟದ ಬದಿಯಲ್ಲೋ ಗುಡ್ಡೆಯಲ್ಲೋ ಅಂದೇ ಸುಟ್ಟುಬಿಡುತ್ತಾರೆ. ಪೆಟ್ಟಿಗೆಯಿಲ್ಲ, ಬಾಡಿಗೆಯಿಲ್ಲ. ನೆರೆಕರೆಯವರು ಕೊಡಲಿ ಹಿಡಿದು ಬಂದು ಒಂದು ಮಾವಿನ ಮರ ಕಡಿಯುತ್ತಾರೆ. ಅವರಿಗೆ ಕೂಲಿ ಕೊಡಹೋದರೆ ಅವಮಾನವೆಂದೇ ತಿಳಿಯುತ್ತಾರೆ. ಹಾಗಾದರೆ ಸಾವು ನಮ್ಮಲ್ಲಿ ಬಡವನ ಬೆನ್ನು ಮುರಿಯುವುದೇಕೆ?

ಕಳೆದ ಆಟಿಯಲ್ಲಿ ನನ್ನ ಅಜ್ಜ ತೀರಿಹೋದರು. ಮನೆಯಲ್ಲಿ ಕಾಲೇಜಿಗೆ ಹೋದವಳು ನಾನೊಬ್ಬಳೇ ಆದುದರಿಂದ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ದಹನದ ದಿನದ ಖರ್ಚು ಅರ್ಧ ಪುಟ: ಬಿಳಿ ಬಟ್ಟೆ, ತುಪ್ಪ, ಊದುಬತ್ತಿ, ಬಂದವರಿಗೆ ಚಹಾ. ಮಳೆಗೆ ಹಸಿಮರ ಹೊತ್ತಿಕೊಳ್ಳದೆ ಮೂರು ಮನೆಗಳಿಂದ ತೆಂಗಿನ ಗೆರಟೆ ತಂದರು, ಅದಕ್ಕೆ ಹಣವಿಲ್ಲ. ಆದರೆ ಬೊಜ್ಜದ ಲೆಕ್ಕ ಏಳು ಪುಟ! ಕಾಗದದ ಅಚ್ಚು, ಶಾಮಿಯಾನ, ಕುರ್ಚಿ, ಅಡಿಗೆಯವರು, ಎರಡು ಬಗೆಯ ಪಾಯಸ, ನೆಂಟರಿಗೆ ಜೀಪು. ಅಮ್ಮ ಸ್ವಸಹಾಯ ಸಂಘದಲ್ಲಿ ಸಾಲ ತೆಗೆದರು. ಅದರ ಕಂತು ಈಗಲೂ ವಾರವಾರವೂ ಹೋಗುತ್ತಿದೆ.

ಬೊಜ್ಜವೇ ಬೇಡವೆಂದು ನಾನು ವಾದಿಸುವವಳಲ್ಲ. ಆ ದಿನ ಒಳಗಿನ ಕೋಣೆಯಲ್ಲಿ ಅಜ್ಜನಿಗೆ ಎಡೆ ಬಡಿಸಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಮೌನವಾಗಿ ನಿಂತೆವು. ಅಜ್ಜಿ ಅತ್ತದ್ದು ಆಗ; ಚಿತೆಯ ಬಳಿಯಲ್ಲಿ ಅತ್ತಿರಲಿಲ್ಲ. ಆ ಒಂದು ಎಲೆಯ ಖರ್ಚನ್ನು ನನ್ನ ಏಳು ಪುಟಗಳಲ್ಲಿ ಹುಡುಕಿದೆ, ಬೇರೆಯಾಗಿ ಬರೆಯುವಷ್ಟು ಅದು ಇರಲೇ ಇಲ್ಲ. 2020ರ ಕೋವಿಡ್ ಕಾಲದಲ್ಲಿ ಅಂತ್ಯಸಂಸ್ಕಾರಕ್ಕೆ ಇಪ್ಪತ್ತು ಜನರ ಮಿತಿ ಇತ್ತು. ಆಗ ತೀರಿಹೋದವರ ಮನೆಯವರಿಗೆ ದುಃಖ ಕಡಿಮೆಯಾಗಿತ್ತೆಂದು ಯಾರು ಹೇಳಿಯಾರು?

ಇನ್ನು ಜಾಗವಿಲ್ಲದವರ, ಮರವಿಲ್ಲದವರ ಮಾತು. ಐದು ಸೆಂಟ್ಸಿನಲ್ಲಿ ಮನೆ ಕಟ್ಟಿಕೊಂಡವನು ಚಿತೆಯನ್ನು ಎಲ್ಲಿ ಒಟ್ಟಬೇಕು? ತೆರೆದ ಚಿತೆಗೆ ನಾಲ್ಕೈದು ಕ್ವಿಂಟಾಲು ಕಟ್ಟಿಗೆ ಬೇಕು. ಉಡುಪಿ ಜಿಲ್ಲೆಯ ಬೈಂದೂರು ತಾಲೂಕಿನ ಮುದೂರಿನಲ್ಲಿ ಅಲ್ಲಿನ ಕೃಷಿ ಸಹಕಾರಿ ಸಂಘವು 2022ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿತು. ಕೇರಳದಲ್ಲಿ ತಯಾರಾದ ಸಂಚಾರಿ ಚಿತಾಗಾರವನ್ನು ಅದು ತರಿಸಿತು. ಅದನ್ನು ವಾಹನದಲ್ಲಿ ಸತ್ತವರ ಮನೆಯ ಬಳಿಗೇ ಒಯ್ಯಬಹುದು. ಸುಮಾರು 10 ಕಿಲೋ ಗ್ಯಾಸು, ಸ್ವಲ್ಪ ಕರ್ಪೂರ, ಎರಡು ತಾಸಿನ ಹೊತ್ತು ಸಾಕು. ಸಾಲ, ಗೊಬ್ಬರಗಳ ಜೊತೆಗೆ ಸಹಕಾರಿ ಸಂಘವೊಂದು ಇದನ್ನೂ ತನ್ನ ಕೆಲಸವೆಂದು ತಿಳಿದುದು ನನಗೆ ತುಂಬ ಹಿಡಿಸಿತು. ನಮ್ಮ ಕಡೆಯೂ ಸಹಕಾರಿ ಸಂಘಗಳಿಗೆ ಕೊರತೆಯಿಲ್ಲ.

ಈ ಯಂತ್ರದ ವಿಷಯವನ್ನು ಅಜ್ಜಿಗೆ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಿ, “ಹಾಗಾದರೆ ಕೊಟ್ಟಿಗೆಯ ಹಿಂದಿನ ಮಾವು ಉಳಿಯುತ್ತದಲ್ಲ ಮಗಾ? ನನಗೆ ಅದೇ ಸಾಕು. ಎಡೆ ಬಡಿಸಲು ಮಾತ್ರ ಮರೆಯಬೇಡಿ,” ಎಂದರು. ಪಾಯಸದ ಸುದ್ದಿಯನ್ನೇ ಎತ್ತಲಿಲ್ಲ. ಒಲೆಯ ಮುಂದಿದ್ದ ಅಮ್ಮ, “ನೆಂಟರು ಏನು ಹೇಳಿಯಾರು?” ಎಂದು ಕೇಳಿದರು. ಅವರಿಗೆ ಕೊಡಬಹುದಾದ ಉತ್ತರ ನನಗಿನ್ನೂ ಹೊಳೆದಿಲ್ಲ.