ಸ್ಟೋಮಾ ಇದ್ದವರಿಗೆ ಹೊಟ್ಟೆ ಹಿಂಡಿದಾಗ

ಗೋವೆಯ ವಾಸ್ಕೊ, ಜುವಾರಿನಗರ, ಮಾಪ್ಸಾ ಕಡೆ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ಕರುಳಿನ ಆಪರೇಷನ್ ಆಗಿ, ಹೊಟ್ಟೆಯ ಮೇಲೆ ಮಾಡಿದ ತೂತಿಗೆ (ಸ್ಟೋಮಾಕ್ಕೆ) ಚೀಲ ಧರಿಸಿ ಬದುಕುತ್ತಿರುವವರಿಗೆ ಈ ಮಾತು.

ಇದ್ದಕ್ಕಿದ್ದಂತೆ ಹೊಟ್ಟೆ ಹಿಂಡತೊಡಗಿದರೆ ಮೊದಲು ಚೀಲ ನೋಡಿ. ಏನೂ ಬರುತ್ತಿಲ್ಲವೇ? ಬರೀ ನೀರು ಚಿಮ್ಮುತ್ತಿದೆಯೇ? ಇಲಿಯೋಸ್ಟಮಿ, ಅಂದರೆ ಸಣ್ಣಕರುಳಿನ ಸ್ಟೋಮಾ ಇದ್ದವರಲ್ಲಿ ಇದು ಆಹಾರ ಸಿಕ್ಕಿಕೊಂಡ ಲಕ್ಷಣವಿರಬಹುದು. ಗೋಡಂಬಿ, ಕೊಬ್ಬರಿ ಚೂರು, ಅಣಬೆ, ಅನಾನಸು, ಕಳಲೆ ಇವೆಲ್ಲ ಸರಿಯಾಗಿ ಅಗಿಯದೆ ನುಂಗಿದರೆ ಹೀಗಾಗುತ್ತದೆ. ಗೋವೆಯಲ್ಲಿ ಇವುಗಳಿಗೆ ಬರವಿಲ್ಲ, ಹಾಗಾಗಿ ಇಲ್ಲಿ ಎಚ್ಚರ ಹೆಚ್ಚೇ ಬೇಕು.

ಹೀಗಾದಾಗ ಗಟ್ಟಿ ಆಹಾರ ನಿಲ್ಲಿಸಿ. ಸ್ಟೋಮಾ ಊದಿದ್ದರೆ ತೂತು ದೊಡ್ಡದಾಗಿರುವ ಚೀಲ ಹಾಕಿಕೊಳ್ಳಿ. ಬೆಚ್ಚಗಿನ ನೀರಿನ ಸ್ನಾನ ಮಾಡಿ, ಮೊಣಕಾಲು ಎದೆಗೆ ಮಡಚಿ ಮಲಗಿ, ಸ್ಟೋಮಾ ಸುತ್ತ ಮೆಲ್ಲಗೆ ನೀವಿಕೊಳ್ಳಿ. ವಾಂತಿ ಇಲ್ಲದಿದ್ದರೆ ಗುಟುಕು ಗುಟುಕಾಗಿ ನೀರು, ಓಆರ್‌ಎಸ್ ಕುಡಿಯಿರಿ. ಭೇದಿ ಮಾಡಿಸುವ ಮಾತ್ರೆ ಮಾತ್ರ ಬೇಡವೇ ಬೇಡ.

ವಾಂತಿ ಶುರುವಾದರೆ, ಜ್ವರ ಬಂದರೆ, ನೋವು ತೀವ್ರವಾದರೆ, ನಾಲ್ಕರಿಂದ ಆರು ಗಂಟೆ ಚೀಲ ಖಾಲಿಯೇ ಇದ್ದರೆ ಆಸ್ಪತ್ರೆಗೆ ಹೋಗಿ. ಕೆಂಪಗಿರಬೇಕಾದ ಸ್ಟೋಮಾ ಕಪ್ಪಾದರೆ ಒಂದು ಕ್ಷಣವೂ ಕಾಯಬೇಡಿ. ಕೊಲೊಸ್ಟಮಿ, ಅಂದರೆ ದೊಡ್ಡಕರುಳಿನ ಸ್ಟೋಮಾ ಇದ್ದವರಿಗೂ ಈ ಅಪಾಯದ ಗುರುತುಗಳು ಅನ್ವಯಿಸುತ್ತವೆ. ಆದರೆ ಚೀಲ ಖಾಲಿ ಇರುವುದೊಂದೇ ಅವರಿಗೆ ಅಪಾಯದ ಗುರುತಲ್ಲ; ದಿನವಿಡೀ ಖಾಲಿ ಇರುವುದು ಸಹಜವೂ ಹೌದು.

ಆಪರೇಷನ್ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಆಗಿದೆ ಎಂದು ಅಲ್ಲಿಗೇ ಹೊರಡುವ ಮನಸ್ಸಾಗುತ್ತದೆ. ದಯವಿಟ್ಟು ಬೇಡ. ಆ ಸ್ಥಿತಿಯಲ್ಲಿ ಚೋರ್ಲಾ ಘಾಟಿ ಹತ್ತುವುದು ಅಪಾಯ. 108ಕ್ಕೆ ಕರೆಮಾಡಿ, ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೋ ಹತ್ತಿರದ ಆಸ್ಪತ್ರೆಗೋ ಹೋಗಿ. ಡಿಸ್ಚಾರ್ಜ್ ಕಾಗದದ ಫೋಟೊ ಇವತ್ತೇ ಮೊಬೈಲಿನಲ್ಲಿ ಇಟ್ಟುಕೊಳ್ಳಿ.